ಗುಂಯ್ ಅಂದದ್ದು ಯಾವ ಚಕ್ರ?

ನನ್ನ ಮಾರುತಿ 800 2002ರದು. ದಾವಣಗೆರೆಯಿಂದ ಚಿತ್ರದುರ್ಗದ ಮಗಳ ಮನೆಗೆ ವಾರಕ್ಕೊಮ್ಮೆ ಹೋಗಿಬರುವುದಷ್ಟೇ ಈಗ ಅದರ ಪಾಲಿನ ಕೆಲಸ. ಮಳೆಗಾಲ ಮುಗಿದ ಹೊಸತರಲ್ಲಿ, ಆನಗೋಡು ದಾಟಿ ಮುಳ್ಳು 60 ಮುಟ್ಟಿದಾಗ ಗುಂಯ್ ಅಂತ ಒಂದು ಸದ್ದು ಎದ್ದಿತು. ಭರಮಸಾಗರ ಬರುವಷ್ಟರಲ್ಲಿ ಹೆಂಡತಿ, "ಹಿಟ್ಟಿನ ಗಿರಣಿ ಒಳಗ ಕುಂತಂಗೈತಲ್ರೀ" ಅಂದಳು.

ಗ್ಯಾರೇಜಿನವರು ಟೈರ್ ಮುಟ್ಟಿ ನೋಡಿ, ಒರಟು ಒರಟಾಗಿ ಸವೆದಿದೆ, ಅದರದೇ ಸದ್ದು ಅಂದರು. ಮುಂದಿನ ಎರಡೂ ಟೈರ್ ಹೊಸದು ಹಾಕಿಸಿದೆ. ದುಡ್ಡು ಹೋಯಿತು, ಸದ್ದು ಉಳಿಯಿತು. ಅವರನ್ನು ಬೈಯುವ ಮುಖ ನನಗಿರಲಿಲ್ಲ. ಇದೇ ಊರಿನ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು ನಾನು. ಸ್ಕ್ರೂಡ್ರೈವರ್‌ನ ಮರದ ಹಿಡಿ ಕಿವಿಗೊತ್ತಿ, ತುದಿಯನ್ನು ಮಷೀನಿಗಿಟ್ಟು ಯಾವ ಬೇರಿಂಗ್ ಅಳುತ್ತಿದೆ ಅಂತ ಹೇಳುತ್ತಿದ್ದವನು, ಸ್ವಂತ ಗಾಡಿಗೆ ಕಿವಿ ಕೊಡದೆ ದುಡ್ಡು ಕೊಟ್ಟಿದ್ದೆ.

ಆಮೇಲೆ ಕ್ರಮವಾಗಿ ನೋಡುತ್ತಾ ಬಂದೆ. ಬೆಳಗಿನ ಜಾವ, ಖಾಲಿ ಅಗಲ ರಸ್ತೆ. 70ಕ್ಕೆ ಏರಿಸಿ ನ್ಯೂಟ್ರಲ್ ಮಾಡಿದೆ. ಎಂಜಿನ್ ಸದ್ದು ತಣ್ಣಗಾಯಿತು, ಗುಂಯ್ ಮಾತ್ರ ಹಾಗೇ ಇತ್ತು. ಗಾಡಿ ನಿಧಾನವಾದಂತೆ ಅದೂ ದಪ್ಪಗಾಗುತ್ತಾ ಇಳಿಯಿತು. ಅಂದರೆ ಎಂಜಿನ್ನಿನದಲ್ಲ, ಚಕ್ರದ ಜೊತೆ ಸುತ್ತುವ ಯಾವುದೋ ಒಂದರದು. ಟಾರಿನಿಂದ ಕಾಂಕ್ರೀಟಿಗೆ ಇಳಿದರೆ ಟೈರಿನ ಸದ್ದು ಬದಲಾಗಬೇಕು. ಇದು ಜಪ್ಪಯ್ಯ ಅನ್ನಲಿಲ್ಲ. ಉಳಿದ ಅನುಮಾನ ಚಕ್ರದ ಬೇರಿಂಗ್ ಮೇಲೆ, ಅಂದರೆ ಚಕ್ರ ಸಲೀಸಾಗಿ ಸುತ್ತಲೆಂದು ನಡುವೆ ಕೂರಿಸಿದ ಉಕ್ಕಿನ ಗುಂಡುಗಳ ಬಳೆಯ ಮೇಲೆ.

ಇನ್ನು ಯಾವ ಕಡೆಯದು? ನನ್ನ ಕಿವಿಗೆ ಬಲಗಡೆ, ನೇರ ನನ್ನ ಕಾಲ ಕೆಳಗೆ ಕೇಳುತ್ತಿತ್ತು. ಆಣೆ ಮಾಡಿ ಹೇಳುವಷ್ಟು ಧೈರ್ಯವಿತ್ತು. ಆದರೂ ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ ಸ್ಟೀರಿಂಗನ್ನು ಸ್ವಲ್ಪವೇ ಬಲಕ್ಕೆ, ಸ್ವಲ್ಪವೇ ಎಡಕ್ಕೆ ಎಳೆದೆ. ಬಲಕ್ಕೆ ಎಳೆದಾಗ ಸದ್ದು ಏರಿತು, ಎಡಕ್ಕೆ ಎಳೆದಾಗ ಕುಗ್ಗಿತು. ಗಾಡಿ ಬಲಕ್ಕೆ ತಿರುಗಿದರೆ ಭಾರವೆಲ್ಲ ಎಡ ಚಕ್ರಗಳ ಮೇಲೆ ವಾಲುತ್ತದೆ. ಹಾಗಾದರೆ ನೋವು ಎಡಗಡೆ. ನಂಬಲಿಲ್ಲ. ಇನ್ನೆರಡು ಸಲ ಮಾಡಿದೆ. ತಗಡಿನ ಡಬ್ಬಿಯಂಥ ಆ ಗಾಡಿಯಲ್ಲಿ ಸದ್ದು ಎಲ್ಲಿಂದ ಹತ್ತಿ ಎಲ್ಲಿ ಇಳಿಯುತ್ತದೋ!

ಮನೆ ಮುಂದೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದೊಂದೇ ಕಡೆ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜಾಕಿ ನಂಬಿ ಕೈ ಹಾಕುವುದಿಲ್ಲ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಚಕ್ರ ಹಿಡಿದು ಅಲ್ಲಾಡಿಸಿದೆ. ಅಲ್ಲಾಡಿದ್ದರೆ ಯಾರಿಂದಲಾದರೂ ಬ್ರೇಕ್ ಒತ್ತಿಸಬೇಕಿತ್ತು: ಒತ್ತಿದಾಗ ಆ ಅಲ್ಲಾಟ, ನಮ್ಮ ಭಾಷೆಯಲ್ಲಿ ಆಟ, ನಿಂತರೆ ಬೇರಿಂಗ್, ನಿಲ್ಲದಿದ್ದರೆ ಚಕ್ರದ ಹಿಂದಿನ ಕೀಲು, ಬಾಲ್ ಜಾಯಿಂಟ್ ಕಡೆ ನೋಡಬೇಕು. ಆದರೆ ಎರಡೂ ಕಡೆ ಚಕ್ರ ಗೂಟ ಬಡಿದಂತೆ ನಿಂತಿತ್ತು. ಬಹಳ ಜನ ಇಲ್ಲಿಗೇ "ಬೇರಿಂಗ್ ಚೆನ್ನಾಗಿದೆ" ಅಂತ ಕೈ ತೊಳೆದುಕೊಳ್ಳುತ್ತಾರೆ. ಆಟ ಬರುವುದು ಕೊನೆಗೆ. ಅದಕ್ಕೆ ಎಷ್ಟೋ ಮೊದಲೇ ಬೇರಿಂಗ್ ಕೂಗಲು ಶುರು ಮಾಡಿರುತ್ತದೆ.

ನನ್ನ ಹಳೇ ಸ್ಕ್ರೂಡ್ರೈವರ್ ವಿದ್ಯೆ ಇಲ್ಲಿ ನಡೆಯಲಿಲ್ಲ. ಡಿಸ್ಕಿಗೆ ಬ್ರೇಕ್ ಪ್ಯಾಡ್ ಉಜ್ಜುವ ಸರ್ ಸರ್ ಎಲ್ಲವನ್ನೂ ಮುಚ್ಚಿಹಾಕಿತು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿ, ಬ್ರೇಕ್ ಎಣ್ಣೆಯ ಹೋಸ್ ಮೇಲೆ ಭಾರ ಬೀಳದಂತೆ ತಂತಿಯಿಂದ ಕಟ್ಟಿ ತೂಗುಹಾಕಿದೆ. ನ್ಯೂಟ್ರಲ್‌ನಲ್ಲಿ, ಚಕ್ರ ಕೂರುವ ನಡುಭಾಗವಾದ ಹಬ್ಬನ್ನು ಒಂದು ಕೈಯಿಂದ ತಿರುಗಿಸುತ್ತಾ, ಇನ್ನೊಂದು ಕೈಯ ಬೆರಳನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟೆ. ಬಲಗಡೆ ಏನೂ ಇಲ್ಲ. ಎಡಗಡೆ, ಬೀಸುಕಲ್ಲಿಗೆ ಮರಳು ಬಿದ್ದ ಹಾಗೆ, ಬೆರಳ ತುದಿಗೆ ಸಣ್ಣಗೆ ಗರಗರ. ಸ್ಪ್ರಿಂಗ್ ಆ ನಡುಕವನ್ನು ಎಷ್ಟು ಚೆನ್ನಾಗಿ ತಂದುಕೊಡುತ್ತದೆ ಎಂದರೆ ಕಿವಿ ಬೇಡವೇ ಬೇಡ.

ಬೇರಿಂಗ್ ಕೂತಿರುವ ನಕಲ್ಲನ್ನು ಬಿಚ್ಚಿಕೊಂಡು ಲೇತ್ ಅಂಗಡಿಗೆ ಒಯ್ದು ಪ್ರೆಸ್ಸಿನಲ್ಲೇ ತೆಗೆಸಿದೆ. ಸುತ್ತಿಗೆ ಎತ್ತಿದ ಹುಡುಗನ ಕೈ ಹಿಡಿದು ನಿಲ್ಲಿಸಬೇಕಾಯಿತು. ಬೇರಿಂಗಿನ ಗುಂಡುಗಳು ಓಡುವ ಒಳ, ಹೊರ ಬಳೆಗಳಿಗೆ ರೇಸು ಅನ್ನುತ್ತಾರೆ. ಹೊಸ ಬೇರಿಂಗನ್ನು ನಕಲ್ಲಿಗೆ ಕೂರಿಸುವಾಗ ಹೊರ ರೇಸಿನ ಮೇಲಷ್ಟೇ ಒತ್ತಬೇಕು. ಒಳ ರೇಸಿನ ಮೇಲೆ ಬಿದ್ದ ಪೆಟ್ಟು ಗುಂಡುಗಳ ಮೂಲಕ ಹಾದು ರೇಸಿನಲ್ಲಿ ಕುಳಿ ಬೀಳಿಸುತ್ತದೆ. ಹೊಸದು ಮೊದಲ ದಿನದಿಂದಲೇ ಗುಂಯ್ ಅನ್ನುತ್ತದೆ.

ಹಳೆಯದರಲ್ಲಿ ಗ್ರೀಸ್ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದರೆ ರೇಸಿನ ಮೈ ಒಂದು ಕಡೆ ಹಕ್ಕಳೆ ಎದ್ದಿತ್ತು. ಆ ಮಳೆಗಾಲ ಒಂದು ಅಂಡರ್‌ಪಾಸಿನಲ್ಲಿ ಹಬ್ ಮುಳುಗುವಷ್ಟು ನೀರಿಗೆ ಗಾಡಿ ಇಳಿಸಿದ್ದು ನೆನಪಾಯಿತು. ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಹಳೇ ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಸೀಲುಗಳನ್ನೂ ಹೊಸದೇ ಹಾಕಿದೆ, ಆಕ್ಸಲ್ ನಟ್ಟನ್ನು, ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಲ್ಲೇ ಬಿಗಿ ಮಾಡಿದೆ.

ಬಲಗಡೆಯದನ್ನು ಮುಟ್ಟಲಿಲ್ಲ. ಜೋಡಿಯಾಗಿ ಬದಲಿಸಿ ಅಂತ ಅಂಗಡಿಯವರು ಹೇಳಿದರು. ಓಡುತ್ತಿರುವುದನ್ನು ಬಿಚ್ಚುವುದು ಮಿಲ್ಲಿನಲ್ಲೂ ನಮಗೆ ಒಗ್ಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಜಾಕಿ ಹಚ್ಚಿ, ಆ ಕಡೆಯ ಸ್ಪ್ರಿಂಗಿಗೆ ಬೆರಳಿಟ್ಟು ನೋಡುತ್ತೇನೆ.