ತಾಲ್ಲೂಕು ಆಸ್ಪತ್ರೆಯ ರಿಪೋರ್ಟ್ ಜಿಲ್ಲಾಸ್ಪತ್ರೆಯಲ್ಲೂ ಕಾಣಬೇಕೆ?

ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ ಬಂದವರಲ್ಲಿ ಎಷ್ಟೋ ಮಂದಿ ಹಿಂದಿನ ವಾರ ಮಾಡಿಸಿದ ರಕ್ತಪರೀಕ್ಷೆಯ ಚೀಟಿಯನ್ನು ಮನೆಯಲ್ಲೇ ಬಿಟ್ಟಿರುತ್ತಾರೆ. ಮತ್ತೆ ರಕ್ತ ಕೊಡಬೇಕು, ಮತ್ತೆ ಕಾಯಬೇಕು. ಇದನ್ನು ತಪ್ಪಿಸಲು, ಬೇರೆಬೇರೆ ಆಸ್ಪತ್ರೆಗಳಲ್ಲಿರುವ ನಿಮ್ಮ ದಾಖಲೆಗಳನ್ನು ಒಂದೇ ನಂಬರಿಗೆ ಜೋಡಿಸುವ ಆಭಾ (ABHA) ಎಂಬ ಆರೋಗ್ಯ ಖಾತೆ ಇದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಭಾಗ ಅದು. ಆದರೆ ನಂಬರ್ ಸಿಕ್ಕಿದ ಕೂಡಲೇ ಎಲ್ಲ ಆಯಿತು ಎಂದುಕೊಳ್ಳಬೇಡಿ. ನಂಬರಿನೊಳಗೆ ಯಾವ ರಿಪೋರ್ಟೂ ಇರುವುದಿಲ್ಲ. ರಿಪೋರ್ಟ್ ಇರುವುದು ಪರೀಕ್ಷೆ ಮಾಡಿದ ಆಸ್ಪತ್ರೆಯ ಕಂಪ್ಯೂಟರಿನಲ್ಲೇ. ಅದನ್ನು ಖಾತೆಗೆ ಲಿಂಕ್ ಮಾಡಿ, ಇನ್ನೊಂದು ಆಸ್ಪತ್ರೆ ನೋಡಲು ನೀವು ಒಪ್ಪಿಗೆ ಕೊಡಬೇಕು.

ಮೊದಲ ಹಂತ, ನಂಬರ್. ಆಭಾ ಆ್ಯಪ್‌ನಲ್ಲಿ ಆಧಾರ್ ಒಟಿಪಿ ಕೊಟ್ಟರೆ 14 ಅಂಕಿಗಳ ನಂಬರ್ ಉಚಿತವಾಗಿ ಬರುತ್ತದೆ. ಪ್ಲಾಸ್ಟಿಕ್ ಕಾರ್ಡ್ ಮಾಡಿಕೊಡುತ್ತೇವೆಂದು ಸೈಬರ್ ಅಂಗಡಿಯಲ್ಲಿ ಹಣ ಕೇಳಿದರೆ ಕೊಡಬೇಡಿ, ಅದರ ಅಗತ್ಯವೇ ಇಲ್ಲ. ಚಿಕಿತ್ಸೆಯ ಖರ್ಚು ಭರಿಸುವ ಆರೋಗ್ಯ ಕರ್ನಾಟಕ ಕಾರ್ಡ್ ಬೇರೆ, ಇದು ಬೇರೆ.

ಎರಡನೆಯ ಹಂತ ಲಿಂಕ್ ಮಾಡುವುದು. ಜನ ಎಡವುವುದು ಇಲ್ಲೇ. ಆ್ಯಪ್‌ನಲ್ಲಿ ಆಸ್ಪತ್ರೆಯ ಹೆಸರು ಆರಿಸಿದಾಗ ಅದು ನಿಮ್ಮ ಹೆಸರು, ಲಿಂಗ, ಹುಟ್ಟಿದ ವರ್ಷ, ಮೊಬೈಲ್ ನಂಬರ್ ಹಿಡಿದು ಆಸ್ಪತ್ರೆಯ ದಾಖಲೆ ಹುಡುಕುತ್ತದೆ. ಆಧಾರ್‌ನಲ್ಲಿ ‘ಮಂಜುಳಾ ಎಸ್.’, ಒಪಿಡಿ ಚೀಟಿಯಲ್ಲಿ ‘ಮಂಜಮ್ಮ’. ಅಲ್ಲಿ 1968, ಇಲ್ಲಿ ಅಂದಾಜಿನ ‘50 ವರ್ಷ’. ಹೀಗಿದ್ದರೆ ದಾಖಲೆ ಸಿಗುವುದು ಕಷ್ಟ. ಸಿಕ್ಕರೂ ಖಚಿತಪಡಿಸುವ ಒಟಿಪಿ ಹೋಗುವುದು ಆಸ್ಪತ್ರೆಯಲ್ಲಿ ಬರೆಸಿದ ಮೊಬೈಲಿಗೆ. ಅವಸರದಲ್ಲಿ ಪಕ್ಕದ ಮನೆಯವರ ನಂಬರ್ ಬರೆಸಿದ್ದರೆ, ಒಟಿಪಿ ಅವರಿಗೇ ಹೋಗುತ್ತದೆ.

ಆದ್ದರಿಂದ ಒಪಿಡಿ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೆಸರು ಹೇಳಬೇಡಿ. ಅಲ್ಲಿ ಅಂಟಿಸಿರುವ ಕ್ಯೂಆರ್ ಕೋಡನ್ನು ಆಭಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಖಾತೆಯಲ್ಲಿರುವ ವಿವರ ಹಾಗೇ ಆಸ್ಪತ್ರೆಗೆ ಹೋಗುತ್ತದೆ, ಟೋಕನ್ ಫೋನಿಗೇ ಬರುತ್ತದೆ. ಹಳೆಯ ಚೀಟಿಯಲ್ಲಿ ತಪ್ಪಿದ್ದರೆ ಆಧಾರ್ ಮತ್ತು ಆ ಚೀಟಿ ಎರಡನ್ನೂ ನೋಂದಣಿ ಕೌಂಟರಿಗೆ ಒಯ್ದು, ಅದೇ ರೋಗಿ ನಂಬರಿನಡಿ ಹೆಸರು, ವರ್ಷ, ಮೊಬೈಲ್ ತಿದ್ದಿಸಿ. ‘ಹೊಸದಾಗಿ ನೋಂದಣಿ ಮಾಡ್ತೀನಿ, ಬೇಗ ಆಗುತ್ತೆ’ ಎಂದರೆ ಒಪ್ಪಬೇಡಿ. ಒಬ್ಬರದೇ ದಾಖಲೆ ಎರಡು ಕಡೆ ಒಡೆದು, ಹಿಂದಿನ ರಿಪೋರ್ಟ್‌ಗಳು ಹಳೆಯ ನಂಬರಿನಲ್ಲೇ ಉಳಿಯುತ್ತವೆ.

ಮೂರನೆಯದು ಒಪ್ಪಿಗೆ. ಜಿಲ್ಲಾಸ್ಪತ್ರೆ ಕೋರಿಕೆ ಕಳಿಸಿದಾಗ ಫೋನಿನಲ್ಲಿ ನಾಲ್ಕು ಸಂಗತಿ ನೋಡಿ: ಕೇಳುತ್ತಿರುವವರು ಯಾರು, ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನದು, ಒಪ್ಪಿಗೆ ಮುಗಿಯುವುದು ಯಾವಾಗ. ಎರಡು ವರ್ಷದ ಹಿಂದಿನ ಆಂಜಿಯೋಗ್ರಾಮ್ ಬೇಕಿದ್ದು ಕೋರಿಕೆಯಲ್ಲಿ ಆರೇ ತಿಂಗಳಿದ್ದರೆ, ಅವಧಿ ಹೆಚ್ಚಿಸಿ ಮತ್ತೆ ಕಳಿಸಲು ಹೇಳಿ. ಮುಕ್ತಾಯ ದಿನಾಂಕ ಒಂದು ತಿಂಗಳಿಗಿಂತ ದೂರ ಇಡಬೇಡಿ. ತಾನಾಗಿಯೇ ಒಪ್ಪಿಗೆ ಹೋಗುವ ಆಯ್ಕೆ ಕಂಡರೆ ಖಂಡಿತ ಆನ್ ಮಾಡಬೇಡಿ. ಚಿಕಿತ್ಸೆ ಮುಗಿದ ಮೇಲೆ ಒಪ್ಪಿಗೆಯನ್ನು ಹಿಂಪಡೆಯಬಹುದು.

ರಿಪೋರ್ಟಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಸುಲಭ, ನಿಜ. ಆದರೆ ಅಂಚಿನಲ್ಲಿರುವ ರೋಗಿಯ ಹೆಸರು, ದಿನಾಂಕ ಫೋಟೊದಲ್ಲಿ ಬಾರದಿದ್ದರೆ ವೈದ್ಯರು ಅದನ್ನು ನಂಬುವುದು ಹೇಗೆ? ಎಲ್ಲ ಆಸ್ಪತ್ರೆಗಳ ಸಾಫ್ಟ್‌ವೇರೂ ಇನ್ನೂ ಈ ಜಾಲಕ್ಕೆ ಸೇರಿಲ್ಲ. ಹಾಗಾಗಿ ರೆಫರಲ್ ಚೀಟಿ, ಡಿಸ್ಚಾರ್ಜ್ ಸಾರಾಂಶದ ಕಾಗದ ಕೈಯಲ್ಲಿರಲಿ. ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ಆ ಚೀಟಿಯ ಮೇಲೆಯೇ ವೈದ್ಯರಿಂದ ಬರೆಸಿಕೊಳ್ಳಿ. ಖಾತೆಯ ತೊಂದರೆಗೆ ಸಹಾಯವಾಣಿ 14477.