ಮೈಕು ಕಂಡರೆ ಅರ್ಥ ಹೇಳುವವರ ಮನೆಯಲ್ಲಿ

ಯಕ್ಷಗಾನ ಕಲಾವಿದರೊಂದಿಗೆ ಹರಟೆ ಹೊಡೆಯುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಆ ಹರಟೆಯನ್ನು ಧ್ವನಿಮುದ್ರಿಸಿಕೊಳ್ಳುವಷ್ಟು ಕಷ್ಟದ ಕೆಲಸವೂ ಇನ್ನೊಂದಿಲ್ಲ. ಇವರು ಮಾತನ್ನೇ ಉಂಡು ಬದುಕಿದವರು. ಭಾಗವತರು ಹಾಡಿದ ಒಂದು ಪದ್ಯವನ್ನು ಹಿಡಿದು, ಬರೆದಿಟ್ಟ ಸಂಭಾಷಣೆಯಿಲ್ಲದೆ, ಒಂದೇ ಒಂದು ಇಂಗ್ಲಿಷ್ ಪದ ನುಸುಳದಂತೆ ಕಾಲು ಗಂಟೆ ಅರ್ಥ ಹೇಳಬಲ್ಲವರು. ಅಂಥವರ ಎದುರು ಮೈಕು ಇಟ್ಟ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ಧ್ವನಿ ಗಂಭೀರವಾಗುತ್ತದೆ, ‘ನಾನು’ ಹೋಗಿ ‘ನಾವು’ ಬರುತ್ತದೆ. ಈಗಷ್ಟೇ ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಹೇಳುತ್ತಿದ್ದವರು "ಕಲೆಯೆಂಬುದು ಒಂದು ತಪಸ್ಸು" ಎಂದು ಶುರು ಮಾಡುತ್ತಾರೆ. ನನಗೆ ಬೇಕಾದದ್ದು ಆ ಎಣ್ಣೆ.

ಉಡುಪಿ, ಕುಂದಾಪುರದ ಕಡೆಯ ವೇಷಧಾರಿಗಳು, ಹಾಡು, ಚಂಡೆ, ಮದ್ದಳೆಯ ಹಿಮ್ಮೇಳದವರು, ವೇಷಭೂಷಣ ಮಾಡುವವರು ಇವರ ಮನೆಗಳಿಗೆ ಹೋಗಿ ಪಾಡ್‌ಕಾಸ್ಟ್‌ಗಾಗಿ ಮಾತುಕತೆ ಮುದ್ರಿಸುವುದು ನಾನು ಹಚ್ಚಿಕೊಂಡಿರುವ ಹವ್ಯಾಸ. ಸ್ಟುಡಿಯೋಗೆ ಕರೆಸಬಹುದಲ್ಲ ಎಂದು ಕೇಳುವವರಿದ್ದಾರೆ. ಸ್ಟುಡಿಯೋ ಎಂದರೆ ಇವರಿಗೆ ಆಕಾಶವಾಣಿ. ಮಂಗಳೂರು ನಿಲಯ 1976ರಲ್ಲಿ ಆರಂಭವಾದ ಮೇಲೆ ಅಲ್ಲಿ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತಲ್ಲೇ ಅರ್ಥ ಹೇಳುವ ಯಕ್ಷಗಾನ) ಮಾಡಿದ ಹಿರಿಯರು ಇನ್ನೂ ಇದ್ದಾರೆ. ಕೆಂಪು ದೀಪ, ಗಡಿಯಾರದ ಮುಳ್ಳು, ಕಾಗದ ಸದ್ದು ಮಾಡಬಾರದೆಂಬ ಎಚ್ಚರಿಕೆ ಅವರ ಮೈಗೆ ಹತ್ತಿಹೋಗಿವೆ. ನಾನು ಮನೆಗೆ ಹೋದರೂ ಅವರ ಮೊದಲ ಪ್ರಶ್ನೆ, "ಎಷ್ಟು ನಿಮಿಷ?" ಮನೆಯಲ್ಲಿ ಎಂಥ ರೆಕಾರ್ಡಿಂಗ್ ಎಂದು ಮೂಗು ಮುರಿಯುವವರಿಗೆ ನಾನು ಮೈಸೂರಿನ ಕಥೆ ಹೇಳುವುದುಂಟು. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಆ ಮನೆಯ ರೇಡಿಯೋದ್ದು.

ಮೊದಲ ತೊಡಕು ಕಾಲದ್ದು. ದೀಪಾವಳಿ ಕಳೆದು ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ವಾರದ ಪತ್ತನಾಜೆಯ (ತುಳುನಾಡಿನಲ್ಲಿ ಆಟ, ಉತ್ಸವಗಳಿಗೆ ತೆರೆ ಬೀಳುವ ದಿನ) ಆಸುಪಾಸಿನಲ್ಲಿ ಗೆಜ್ಜೆ ಬಿಚ್ಚುವವರೆಗೆ ಕಲಾವಿದರು ಕೈಗೆ ಸಿಗುವುದಿಲ್ಲ. ರಾತ್ರಿ ಆಟ (ಯಕ್ಷಗಾನ ಪ್ರದರ್ಶನಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ), ಹಗಲು ನಿದ್ದೆ. ನಿದ್ದೆಯಿಂದ ಎಬ್ಬಿಸಿ ಮಾತಾಡಿಸಿದರೆ ಮಾತೂ ನಿದ್ದೆಯಲ್ಲೇ ಇರುತ್ತದೆ. ಅವರು ಮನೆಯಲ್ಲಿ ಪುರುಸೊತ್ತಾಗಿ ಸಿಗುವುದು ಮಳೆಗಾಲದಲ್ಲಿ. ಆಗಲೂ ಮುಂಬಯಿಯ ಆಟಗಳು, ತಾಳಮದ್ದಳೆಗಳು ಅಂತ ಅರ್ಧ ದಿನ ಊರಲ್ಲಿರುವುದಿಲ್ಲ. ಮಳೆಗಾಲ ಎಂದರೆ ನಮ್ಮ ಕರಾವಳಿಯ ಮಳೆಗಾಲ, ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುವ ಊರು. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಮಾತಿಗೆ ಅಡ್ಡಿಯಲ್ಲ, ಹಿನ್ನೆಲೆಗೆ ಹಿತವಾಗಿಯೇ ಇರುತ್ತದೆ. ಆದರೆ ಈಗ ಎಲ್ಲರೂ ಅಂಗಳಕ್ಕೆ ತಗಡಿನ ಶೀಟು ಹಾಕಿಸಿದ್ದಾರೆ. ಅದರ ಮೇಲೆ ಆಷಾಢದ ಮಳೆ ಹೊಡೆದರೆ ಎದುರು ಕೂತವರ ಮಾತೇ ಕೇಳಿಸದು, ಇನ್ನು ಮೈಕಿಗೇನು ಕೇಳೀತು. ಯಾವ ತಂತ್ರಾಂಶವೂ ಆ ಸದ್ದನ್ನು ಕಿತ್ತುಹಾಕಲಾರದು. ಕಿತ್ತರೆ ಮಾತಿನ ಚರ್ಮವೂ ಅದರೊಂದಿಗೆ ಬರುತ್ತದೆ. ಹಾಗಾಗಿ ಮಳೆ ಹೊಡೆದಾಗ ಚಹಾ, ಬಿಟ್ಟಾಗ ಮಾತು. ಇಡೀ ದಿನಕ್ಕೆಂದೇ ಹೋಗುತ್ತೇನೆ, ಅರ್ಧ ಗಂಟೆಯ ಕೆಲಸವೆಂದು ಯಾರಿಗೂ ಹೇಳುವುದಿಲ್ಲ.

ಮಳೆಗಾಲದಲ್ಲಿ ಒಂದು ಲಾಭವೂ ಇದೆ, ಕರೆಂಟು ಹೋಗುತ್ತದೆ. ಮನೆಯವರು ಪಾಪ, ಕ್ಷಮೆ ಕೇಳುತ್ತಾರೆ. ನನಗೆ ಒಳಗೊಳಗೇ ಖುಷಿ. ಫ್ಯಾನು, ಫ್ರಿಜ್ಜು, ಬಾವಿಯ ಪಂಪು, ಪಕ್ಕದ ಮನೆಯ ಮಿಕ್ಸಿ ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚುತ್ತವೆ. ನನ್ನ ರೆಕಾರ್ಡರ್ ನಡೆಯುವುದು ಪೆನ್ಸಿಲ್ ಸೆಲ್ಲಿನಲ್ಲಿ. ಚಾರ್ಜರಿಗೆ ಸಿಕ್ಕಿಸಿ ಮುದ್ರಿಸಿದರೆ ಮನೆಯ ವಯರಿಂಗಿನ 50 ಹರ್ಟ್ಸ್ ಗುಂಯ್ಗುಡುವಿಕೆ ಒಳಗೆ ಬರುವ ಸಾಧ್ಯತೆಯಿದೆ, ಹಳೆಯ ಮನೆಗಳಲ್ಲಿ ಇನ್ನೂ ಹೆಚ್ಚು. ಕರೆಂಟು ಇದ್ದ ದಿನ ಫ್ರಿಜ್ಜನ್ನು ಕೇಳಿಯೇ ಆರಿಸುತ್ತೇನೆ, ಆರಿಸಿ ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಡುತ್ತೇನೆ. ಹೊರಡುವಾಗ ಕೀಲಿ ಹುಡುಕಲೇಬೇಕು, ಫ್ರಿಜ್ಜು ತೆಗೆಯಲೇಬೇಕು, ಸ್ವಿಚ್ಚು ಹಾಕುವುದು ಮರೆಯುವುದಿಲ್ಲ. ಸಿನಿಮಾದ ಧ್ವನಿ ವಿಭಾಗದವರ ಹಳೆಯ ಉಪಾಯ ಇದು. ಮೊಸರಿನ ಪಾತ್ರೆಯ ಪಕ್ಕ ಕೀಲಿ ಕಂಡು ಮನೆಯ ಹೆಂಗಸರು ನಗುತ್ತಾರೆ, ಆ ನಗೆಯೂ ಲಾಭವೇ.

ಇನ್ನು ಕೂರುವ ಜಾಗ. ಗೌರವದ ಅತಿಥಿಯನ್ನು ಹಾಲ್‌ನಲ್ಲಿ ಕೂರಿಸುವುದು ಮರ್ಯಾದೆ. ಹೊಸ ಮನೆಗಳ ಹಾಲ್ ಎಂದರೆ ಆರ್‌ಸಿಸಿ ಚಾವಣಿ, ಹೊಳೆಯುವ ಟೈಲ್ಸು, ಗಾಜಿನ ಶೋಕೇಸು, ಅದರ ತುಂಬ ಸನ್ಮಾನದ ಫಲಕಗಳು. ಮಾತು ಗೋಡೆಯಿಂದ ಗೋಡೆಗೆ ಪುಟಿದು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಸನ್ಮಾನದ ಫಲಕಗಳ ಎದುರು ಕೂತ ಕಲಾವಿದರು ಸನ್ಮಾನಕ್ಕೆ ಉತ್ತರಿಸುವ ಧಾಟಿಯಲ್ಲೇ ಮಾತಾಡುತ್ತಾರೆ. "ಒಳಗೆ ಕೂರೋಣವೇ" ಎಂದರೆ ಸಂಕೋಚ, ಬಟ್ಟೆ ಹರಡಿದೆ ಎಂಬ ನೆಪ. ನಾನು ಕಂಡುಕೊಂಡ ದಾರಿ ಒಂದೇ: "ಹಳೆಯ ಫೋಟೋಗಳಿದ್ದರೆ ನೋಡಬಹುದಿತ್ತು" ಎನ್ನುವುದು. ಫೋಟೋಗಳು ಯಾವ ಮನೆಯಲ್ಲೂ ಹಾಲ್‌ನಲ್ಲಿರುವುದಿಲ್ಲ. ಮಲಗುವ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಸೀರೆಗಳ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತವೆ. ಅವರು ಕಪಾಟು ತೆಗೆದು ಮಂಚದ ಮೇಲೆ ಫೋಟೋ ಹರಡುತ್ತಾರೆ, ನಾನು ಅಲ್ಲೇ ಕೂರುತ್ತೇನೆ. ಹಾಸಿಗೆ, ದಿಂಬು, ನೇತುಹಾಕಿದ ಬಟ್ಟೆ, ಎಲ್ಲ ಸದ್ದನ್ನು ಹೀರಿಕೊಳ್ಳುವಂಥವೇ. ಹಣ ಕೊಟ್ಟು ಕಟ್ಟಿಸಿದ ಎಷ್ಟೋ ಸ್ಟುಡಿಯೋಗಳಿಗಿಂತ ಈ ಕೋಣೆ ವಾಸಿ. ಮೇಲಾಗಿ ಫೋಟೋ ಕೈಯಲ್ಲಿದ್ದಾಗ ಯಾರೂ ‘ನಾವು’ ಎನ್ನುವುದಿಲ್ಲ. "ಇವನು ನೋಡಿ, ನನ್ನ ಹೊಸ ಚಪ್ಪಲಿ ಹಾಕಿಕೊಂಡು ಹೋದವನು, ಆಮೇಲೆ ಬರಲೇ ಇಲ್ಲ ಮಾರಾಯರೇ" ಎನ್ನುತ್ತಾರೆ.

ಮೈಕು ಎಲ್ಲಿ ಸಿಕ್ಕಿಸುವುದು ಎಂಬುದು ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ನನಗೆ ಸಿಗದ ಸಮಸ್ಯೆ. ಕಾಲರ್ ಮೈಕಿಗೆ ಕಾಲರ್ ಬೇಕು. ನಮ್ಮ ಹಿರಿಯರು ಮನೆಯಲ್ಲಿ ಉಡುವುದು ಲುಂಗಿ, ಹೆಗಲಿಗೊಂದು ಬೈರಾಸು, ಅಂದರೆ ಟವೆಲು. "ಅಂಗಿ ಹಾಕಿಕೊಳ್ಳುತ್ತೀರಾ" ಎಂದು ಕೇಳಿದರೆ ಕೆಲಸ ಕೆಟ್ಟಿತು: ಇಸ್ತ್ರಿ ಅಂಗಿ ಬರುತ್ತದೆ, ತಲೆಗೆ ಬಾಚಣಿಗೆ ಬರುತ್ತದೆ, ಹಿಂದೆಯೇ ತಪಸ್ಸೂ ಬರುತ್ತದೆ. ಬೈರಾಸಿಗೆ ಸಿಕ್ಕಿಸಿದರೆ ಅವರು ಐದು ನಿಮಿಷಕ್ಕೊಮ್ಮೆ ಅದನ್ನು ಕೊಡವಿ ಇನ್ನೊಂದು ಹೆಗಲಿಗೆ ಹಾಕುತ್ತಾರೆ. ಈಗ ನಾನು ಮೈಕನ್ನು ದಪ್ಪ ನೂಲಿಗೆ ಕಟ್ಟಿ ಕೊರಳಿಗೆ ಹಾಕುತ್ತೇನೆ, ಎದೆಯ ಗುಳಿಯ ಬಳಿ ಬ್ಯಾಂಡೇಜಿನ ಕಾಗದದ ಟೇಪಿನಿಂದ ಅಂಟಿಸುತ್ತೇನೆ. ಗದ್ದದಿಂದ ಒಂದು ಗೇಣು ಕೆಳಗೆ. ಎದೆಯ ಕೂದಲಿದ್ದವರಿಗೆ ಟೇಪು ಬೇಡ, ನೂಲೇ ಸಾಕು. ಸೀರೆ ಉಟ್ಟವರಾದರೆ ಕರಿಮಣಿ ತಾಗದಷ್ಟು ಮೇಲೆ, ಹೆಗಲ ಸೆರಗಿಗೆ ಪಿನ್ನು ಹಾಕುವ ಕಡೆ. ಗಂಜಿ ಹಾಕಿದ ಸೀರೆಯಾದರೆ ಮೈಕನ್ನು ಬಿಟ್ಟು ಮಂಚದ ಮೇಲೆ ದಿಂಬಿಗೆ ಒರಗಿಸಿ ರೆಕಾರ್ಡರನ್ನೇ ಇಡುವುದು ಒಳ್ಳೆಯದು.

ತಾಂತ್ರಿಕ ವಿವರ ಹೆಚ್ಚೇನಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು. ಎರಡು ಟ್ರ್ಯಾಕಿಗೆ ಗಂಟೆಗೆ ಸುಮಾರು ಒಂದು ಜಿಬಿ ಜಾಗ. ಮಾತಿನ ಲೆವೆಲ್ ಮೈನಸ್ 12 ಡೆಸಿಬೆಲ್ (ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ) ದಾಟದಂತೆ ಇಡುತ್ತೇನೆ, ಏಕೆಂದರೆ ಇವರು ಯಾವ ಗಳಿಗೆಯಲ್ಲಾದರೂ ಅಬ್ಬರಿಸಬಲ್ಲರು. ಒಬ್ಬ ಬಣ್ಣದ ವೇಷದವರು (ರಾಕ್ಷಸ ಪಾತ್ರ ಮಾಡುವವರು) ಮೆಲುದನಿಯಲ್ಲಿ ಸಾಲದ ಕಥೆ ಹೇಳುತ್ತಿದ್ದವರು, ರಂಗಕ್ಕೆ ಬರುವಾಗ ಆರ್ಭಟ ಹೇಗಿರಬೇಕೆಂದು ಕೂತಲ್ಲಿಂದಲೇ ತೋರಿಸಿದರು. ತೊಟ್ಟಿಲಿನ ಮಗು ಎದ್ದಿತು, ಪಕ್ಕದ ಮನೆಯ ನಾಯಿ ಬೊಗಳಿತು, ಮಾಪಕದ ಕೆಂಪು ದೀಪ ಹೊತ್ತಿತು. ಅಂಥ ಹೊತ್ತಿಗೆಂದೇ ಕೆಲವು ರೆಕಾರ್ಡರುಗಳಲ್ಲಿ ಅದೇ ಧ್ವನಿಯನ್ನು ತಗ್ಗಿದ ಮಟ್ಟದಲ್ಲಿ ಇನ್ನೊಂದು ಪ್ರತಿಯಾಗಿ ಉಳಿಸುವ ಸೌಲಭ್ಯವಿರುತ್ತದೆ. ಈ ಕ್ಷೇತ್ರಕ್ಕೆ ಇಳಿಯುವವರು ಬೇರೆ ಯಾವುದರಲ್ಲಿ ದುಡ್ಡು ಉಳಿಸಿದರೂ ಇದರಲ್ಲಿ ಉಳಿಸಬಾರದು. ಆ ಆರ್ಭಟ, ಮಗುವಿನ ಅಳು ಸಹಿತ, ಪಾಡ್‌ಕಾಸ್ಟ್‌ನಲ್ಲಿದೆ.

ಹಿಮ್ಮೇಳದವರ ಮನೆಯ ರೀತಿ ಬೇರೆ. ಅವರಿಗೆ ಮಾತು ಕಡಿಮೆ, ಕೈ ಹೆಚ್ಚು. ಒಬ್ಬ ಮದ್ದಳೆಗಾರರ ಮನೆಯ ಹಿಂದಿನ ಚಾಚಿನಲ್ಲಿ, ಅವರು ಮದ್ದಳೆಯ ಚರ್ಮದ ಮುಚ್ಚಿಗೆ ಬದಲಿಸುವ ಜಾಗದಲ್ಲಿ, ಒಂದು ಮಧ್ಯಾಹ್ನ ಕೂತೆ. ಎದುರು ಕೂತು ಪ್ರಶ್ನೆ ಕೇಳಿದರೆ "ಹೌದು", "ಹಾಗೇ", ಅಷ್ಟೇ. ತೇವಕ್ಕೆ ಚರ್ಮ ಸಡಿಲವಾಗಿದೆ ಎಂದು ಅವರು ಮದ್ದಳೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಬಾರು ಬಿಗಿದರು, ಸಣ್ಣ ಸುತ್ತಿಗೆಯಿಂದ ಅಂಚಿಗೆ ಎರಡು ಬಡಿದರು, ಬೆರಳಿನಿಂದ ಒಂದು ಪೆಟ್ಟು ಕೊಟ್ಟು ಕಿವಿ ಬಗ್ಗಿಸಿದರು, ಮದ್ದಳೆಯನ್ನು ಒಂದಿಷ್ಟು ತಿರುಗಿಸಿ ಮತ್ತೆ ಎರಡು ಬಡಿದರು. ಸುತ್ತಿಗೆ ಮತ್ತು ಬೆರಳಿನ ನಡುವಿನ ಆ ಸಣ್ಣ ಸಂದಿಯಲ್ಲಿ ಒಂದೊಂದೇ ವಾಕ್ಯ ಬರತೊಡಗಿತು. ಗುರುಗಳ ಮನೆಯಲ್ಲಿ ಹಟ್ಟಿ ತೊಳೆದದ್ದು. ತಾಳ ತಪ್ಪಿದಾಗ ಭಾಗವತರು ಹಾಡು ನಿಲ್ಲಿಸದೆ ಕಣ್ಣಲ್ಲೇ ಬೈದದ್ದು. ಒಂದು ವರ್ಷ ಸಂಬಳ ಬಾರದೆ ಮೇಳ ಬಿಟ್ಟು ಹೋಟೆಲಿನಲ್ಲಿ ಲೋಟ ತೊಳೆದದ್ದು, ತೊಳೆಯುವಾಗಲೂ ಬೋಗುಣಿಯ ಮೇಲೆ ಬೆರಳು ಏಕತಾಳ ಬಾರಿಸುತ್ತಿದ್ದದ್ದು. ಅವರ ಕಣ್ಣು ಒಮ್ಮೆಯೂ ನನ್ನ ಮೇಲೆ ಬೀಳಲಿಲ್ಲ. ಎಡಿಟಿಂಗಿಗೆ ಕೂತಾಗ ಸುತ್ತಿಗೆಯ ಸದ್ದನ್ನು ಒಂದೂ ತೆಗೆಯಲಿಲ್ಲ. ಕಿವಿ ಇದ್ದವರಿಗೆ, ಕಥೆ ಮುಂದುವರಿದಂತೆ ಮದ್ದಳೆಯ ಶ್ರುತಿ ಏರುತ್ತಾ ಹೋಗುವುದೂ ಅದರಲ್ಲಿ ಕೇಳುತ್ತದೆ.

ಆ ದಿನದ ಮೇಲೆ ಯಾರ ಮನೆಗೆ ಹೋದರೂ ಕೈಗೊಂದು ಕೆಲಸ ಇರುವಂತೆ ನೋಡಿಕೊಳ್ಳುತ್ತೇನೆ. ಕಿರೀಟ ಮಾಡುವವರು ಬೇಗಡೆ ಅಂಟಿಸುತ್ತಿರಲಿ, ವೇಷಧಾರಿಗಳು ಗೆಜ್ಜೆಯ ದಾರ ಬದಲಿಸುತ್ತಿರಲಿ, ಏನೂ ಇಲ್ಲದಿದ್ದರೆ ಅಡಿಕೆ ಕತ್ತರಿಸುತ್ತಿರಲಿ. ಎಲೆಯಡಿಕೆ ಬಾಯಿಗೆ ಹೋದರೆ ಮಾತ್ರ ಮಾತು ನಿಲ್ಲುತ್ತದೆ, ತಲೆಯಾಡಿಸುವುದಷ್ಟೇ. ಅದನ್ನು ತಡೆಯಲು ಹೋಗುವುದು ದಡ್ಡತನ. ಅವರು ಜಗಿಯುವ ಆ ಒಂದೆರಡು ನಿಮಿಷದಲ್ಲಿ ನಾನು ಕೋಣೆಯ ಬರೀ ಸದ್ದನ್ನು ಮುದ್ರಿಸಿಕೊಳ್ಳುತ್ತೇನೆ. ಎರಡು ಮಾತುಗಳ ನಡುವೆ ಕತ್ತರಿಸಿ ಜೋಡಿಸುವಾಗ ಅದೇ ತೇಪೆ.

ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ, ಮುದ್ರಿಸುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಆಟದ ರಾತ್ರಿ ಚೌಕಿಗೆ ಹೋಗುತ್ತೇನೆ, ಮಾತಿಗಲ್ಲ. ಹೊರಗೆ ಜನರೇಟರು, ರಂಗಸ್ಥಳದ ಧ್ವನಿವರ್ಧಕ, ಒಳಗೆ ಸಾಲಾಗಿ ಕೂತು ಬಣ್ಣ ಹಚ್ಚುವವರು. ದೇವರ ಎದುರು ಚಪ್ಪಲಿ ಕಳಚಿ ಮೂಲೆಯಲ್ಲಿ ನಿಂತು ಬಣ್ಣ ಅರೆಯುವ ಸದ್ದು, ಗೆಜ್ಜೆ ಕಟ್ಟುವ ಸದ್ದು, ದೂರದ ಚಂಡೆ, ಇಷ್ಟನ್ನು ಹಿಡಿದುಕೊಂಡು ಬರುತ್ತೇನೆ. ಮುಖಕ್ಕೆ ಬಣ್ಣ ಏರುತ್ತಿರುವವರನ್ನು ಮಾತಾಡಿಸುವುದು ಸರಿಯಲ್ಲ. ಟಿವಿಯವರು ಕ್ಯಾಮೆರಾ ಹಿಡಿದು ಅದನ್ನೇ ಮಾಡುತ್ತಾರೆ, ಅದಕ್ಕೆ ಸಿಗುವ ಉತ್ತರವೂ ಹಾಗೇ ಇರುತ್ತದೆ.

ಪ್ರಶ್ನೆಗಳ ಪಟ್ಟಿ ಒಯ್ಯುತ್ತೇನೆ, ತೆಗೆಯುವುದಿಲ್ಲ. "ಯಕ್ಷಗಾನದ ಭವಿಷ್ಯ" ಎಂಬಂಥ ಪ್ರಶ್ನೆ ಕೇಳಿದರೆ ಸಭಾ ಭಾಷಣ ಸಿದ್ಧವಾಗಿಯೇ ಇರುತ್ತದೆ. ಬೆಳಿಗ್ಗೆ ಆಟ ಮುಗಿದು ಮೊದಲ ಬಸ್ಸಿನಲ್ಲಿ ಕೂತಾಗ ಮುಖದಲ್ಲಿ ಉಳಿದ ಬಣ್ಣ ಕಂಡು ಕಂಡಕ್ಟರ್ ಏನೆಂದ, ಮೇಳದ ಊಟದಲ್ಲಿ ಯಾವ ಸಾರು ಬೇಸರ ಬಂತು, ಸ್ತ್ರೀವೇಷದವರು ಮದುವೆಗೆ ಹೆಣ್ಣು ನೋಡಲು ಹೋದಾಗ ಏನಾಯಿತು, ಇಂಥವೇ ಬೇಕು. ಭಾಷೆಯನ್ನೂ ಕಟ್ಟಿಹಾಕುವುದಿಲ್ಲ. ನನ್ನೊಂದಿಗೆ ಪುಸ್ತಕದ ಕನ್ನಡ, ಹೆಂಡತಿಯೊಂದಿಗೆ ಕುಂದಾಪುರದ ಕನ್ನಡ, ಫೋನು ಬಂದರೆ ತುಳು. ಎಲ್ಲವೂ ಇರಲಿ.

ಹೆಂಡತಿಯ ಮಾತು ಬಂದದ್ದರಿಂದ ಹೇಳಬೇಕು. ಎರಡನೆಯ ಮೈಕು ನನಗೆಂದು ಕೊಂಡದ್ದು. ಈಗ ಅದು ಮನೆಯಾಕೆಗೆ. ಯಜಮಾನರು ಇಸವಿ ಹೇಳುತ್ತಿದ್ದಂತೆ ಅಡುಗೆಮನೆಯಿಂದ "ಆ ವರ್ಷ ಅಲ್ಲ, ದೊಡ್ಡವಳು ಹುಟ್ಟಿದ ವರ್ಷ" ಎಂಬ ತಿದ್ದುಪಡಿ ಬಂದೇ ಬರುತ್ತದೆ, ಯಾವಾಗಲೂ ಆಕೆಯದೇ ಸರಿ. ದೂರದಿಂದ ಬಂದ ಆ ದನಿಯನ್ನು ಎಡಿಟಿಂಗಿನಲ್ಲಿ ಎಷ್ಟು ಎತ್ತಿದರೂ ಅಡುಗೆಮನೆಯೇ ಎದ್ದು ಬರುತ್ತದೆ. ಅದಕ್ಕೇ ಮೊದಲೇ ಮೈಕು ಕೊಟ್ಟು ಕೂರಿಸುತ್ತೇನೆ. ನನ್ನ ಪ್ರಶ್ನೆ ದೂರದಿಂದ ಕೇಳಿದರೂ ಕೇಳುಗರಿಗೆ ನಷ್ಟವಿಲ್ಲ.

ಎಡಿಟಿಂಗ್ ಆಡಾಸಿಟಿಯಲ್ಲಿ, ಉಚಿತ ತಂತ್ರಾಂಶ ಅದು. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತೇನೆ, ಸದ್ದು ಕಡಿಮೆ ಮಾಡುವ ಸೌಲಭ್ಯವನ್ನು ತೀರಾ ಮಿತವಾಗಿ ಬಳಸುತ್ತೇನೆ, ಒಟ್ಟು ಧ್ವನಿಮಟ್ಟವನ್ನು ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ಹತ್ತಿರ ತರುತ್ತೇನೆ. ಮಾತಿಗೆ ಮೋನೋ, 64 ಕೆಬಿಪಿಎಸ್ ಸಾಕು. ಗಂಟೆಗೆ 29 ಎಂಬಿ ಆಗುತ್ತದೆ, ಹಳ್ಳಿಯ ನೆಟ್‌ವರ್ಕಿನಲ್ಲೂ ಇಳಿಯುತ್ತದೆ. ಪ್ರಕಟಿಸುವ ಮುಂಚೆ ಫೈಲನ್ನು ವಾಟ್ಸಾಪ್‌ನಲ್ಲಿ ಅವರಿಗೆ ಕಳಿಸುತ್ತೇನೆ. ಮೇಳದ ಯಜಮಾನರ ಬಗ್ಗೆ, ಇನ್ನೊಬ್ಬ ವೇಷಧಾರಿಯ ಬಗ್ಗೆ ಆಡಿದ ಮಾತನ್ನು ತೆಗೆಯಲು ಹೇಳಿದರೆ ವಾದಿಸದೆ ತೆಗೆಯುತ್ತೇನೆ. ಮುಂದಿನ ತಿರುಗಾಟ ಅವರು ಅದೇ ಚೌಕಿಯಲ್ಲಿ ಕೂರಬೇಕು, ನಾನಲ್ಲ. ಬಾಗಿಲಲ್ಲೇ ಎಲೆಯಡಿಕೆಯೊಂದಿಗೆ ಸಣ್ಣ ಸಂಭಾವನೆ ಕೊಟ್ಟುಬಿಡುತ್ತೇನೆ. ಮಾತು ಮುಗಿದ ಮೇಲೆ ಕೊಟ್ಟರೆ ಆಡಿದ ಮಾತಿಗೆ ಬೆಲೆ ಕಟ್ಟಿದಂತೆ ಕಾಣುತ್ತದೆ.

ಕಳೆದ ಮಳೆಗಾಲದಲ್ಲಿ ಹಿರಿಯ ವೇಷಧಾರಿಯೊಬ್ಬರ ಕಂತು ಪ್ರಕಟವಾದ ಮೇಲೆ ಅವರ ಮನೆಯಾಕೆ ಫೋನು ಮಾಡಿದರು. ಗಂಡ ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋಗಿದೆಯಂತೆ. ಆರು ತಿಂಗಳು ಮನೆ, ಗದ್ದೆ, ಮಕ್ಕಳ ಜ್ವರ ಯಾರು ನೋಡಿಕೊಂಡರೆಂಬುದು ಅದರಲ್ಲಿ ಎಲ್ಲಿದೆ ಎಂದು ಕೇಳಿದರು. ಬಂದು ಮುದ್ರಿಸಿಕೊಳ್ಳುತ್ತೇನೆ ಅಂದೆ. ಒಂದು ಷರತ್ತು ಹಾಕಿದರು, ಆ ಹೊತ್ತು ಯಜಮಾನರು ಮನೆಯಲ್ಲಿರಬಾರದು. ಮೇಳ ಹೊರಟ ಮೇಲೆ, ನವೆಂಬರ್ ಕೊನೆಯಲ್ಲಿ, ಹೋಗುತ್ತಿದ್ದೇನೆ. ಆಗ ಮಳೆಯೂ ಇರುವುದಿಲ್ಲ.