ಜ್ವರದ ಮಾತು ಮೊದಲು

ಚಿತ್ತಾಪುರ ತಾಲ್ಲೂಕಿನ ಒಂದು ಊರಲ್ಲಿ ನಾನು ಆಶಾ ಕಾರ್ಯಕರ್ತೆ. ಪಕ್ಕದ ತಾಂಡಾನೂ ನನ್ನ ಪಾಲಿಗೇ ಬರುತ್ತದೆ. ಜನ ಹೊಲದ ಕೂಲಿಗೆ ಹೋಗ್ತಾರೆ, ಇಲ್ಲಾಂದ್ರೆ ಕಲ್ಲಿನ ಗಣಿಗೆ. ಲಸಿಕೆ ಬೇಡವೇ ಬೇಡ ಅಂತ ವಾದ ಮಾಡುವವರು ಇಲ್ಲಿ ಕಡಿಮೆ. "ಈ ವಾರ ಬ್ಯಾಡ ಅಕ್ಕಾ, ಮುಂದಿನ ವಾರ ಹಾಕ್ಸ್ತೀವಿ" ಅನ್ನುವವರೇ ಜಾಸ್ತಿ. ಆ ಮುಂದಿನ ವಾರ ಮಾತ್ರ ಬರುವುದೇ ಇಲ್ಲ.

ಕಾರಣ ಕೆದಕಿದರೆ ಕೊನೆಗೆ ಸಿಗುವುದು ಜ್ವರ. ಗುರುವಾರ ಸೂಜಿ ಹಾಕಿಸಿದರೆ ರಾತ್ರಿ ಕೂಸಿನ ಮೈ ಸುಡುತ್ತದೆ, ತೊಡೆ ಬಾತುಕೊಳ್ಳುತ್ತದೆ, ಮನೆಮಂದಿಗೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ತಾಯಿ ತೊಗರಿ ರಾಶಿಗೆ ಹೋಗುವ ಹಾಗಿಲ್ಲ. ಒಂದು ದಿನದ ಕೂಲಿ ಹೋಯ್ತು. ಆಡ್ಕೊಂಡಿದ್ದ ಕೂಸಿಗೆ ನಾವೇ ಯಾಕೆ ಜಡ್ಡು ತರಿಸಬೇಕು ಅನ್ನುವುದು ಅವರ ಲೆಕ್ಕ. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೂಲಿ ಲೆಕ್ಕ ಗೊತ್ತಿಲ್ಲದವರ ಮಾತು ಅದು.

ಹಾಗಾಗಿ ನಾನು ರೋಗದ ಹೆಸರು ಹೇಳಿ ಹೆದರಿಸಲು ಹೋಗುವುದಿಲ್ಲ. ಮೊದಲು ಜ್ವರದ ಮಾತೇ ಎತ್ತುತ್ತೇನೆ. "ಜ್ವರ ಬರ್ತದ. ಒಂದು ದಿನ, ಜಾಸ್ತಿ ಅಂದ್ರ ಎರಡು ದಿನ" ಅಂತ ಅವರು ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ. ಪೆಂಟಾ ಸೂಜಿಯಲ್ಲಿ ಐದು ರೋಗದ ಔಷಧಿ ಇರುತ್ತದೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಮತ್ತೆ ಮಿದುಳುಜ್ವರ-ನ್ಯುಮೋನಿಯಾ ತರಿಸುವ ಹಿಬ್. ಅದರಲ್ಲಿ ನಾಯಿಕೆಮ್ಮಿನ ಭಾಗವೇ ಹೆಚ್ಚಾಗಿ ಜ್ವರ ತರಿಸುವುದು. ಪ್ಯಾರಾಸಿಟಮಾಲ್ ಸಿಸ್ಟರ್ ಹೇಳಿದಷ್ಟೇ ಕೊಡಿ, ಎದೆಹಾಲು ಬಿಡಿಸಬೇಡಿ, ದಪ್ಪ ದುಪ್ಪಟಿ ಹೊದಿಸಬೇಡಿ, ಚುಚ್ಚಿದ ಜಾಗ ತಿಕ್ಕಬೇಡಿ. ಫಿಟ್ಸ್ ಬಂದರೆ, ಕೂಸು ಸೋತು ಮಲಗಿಬಿಟ್ಟರೆ, ಅಳು ಗಂಟೆಗಟ್ಟಲೆ ನಿಲ್ಲದಿದ್ದರೆ, ಜ್ವರ ಎರಡು ದಿನ ದಾಟಿದರೆ ನನಗೆ ಫೋನ್ ಮಾಡಿ, ದವಾಖಾನೆಗೆ ಹೋಗೋಣ. ಹುಟ್ಟಿದಾಗ ಕ್ಷಯರೋಗಕ್ಕೆ ಅಂತ ಹಾಕಿದ ಬಿಸಿಜಿ ಸೂಜಿಯ ಜಾಗ ಕೆಲವು ವಾರದ ಮೇಲೆ ಗುಳ್ಳೆ ಎದ್ದು ಕೀವಾಗಿ ಒಣಗುತ್ತದೆ ಅಂತಲೂ ಆಗಲೇ ಹೇಳಿರುತ್ತೇನೆ. ಹೇಳಿದ್ದು ಹೇಳಿದ ಹಾಗೇ ಆದರೆ ಮುಂದಿನ ಮಾತೂ ನಂಬುತ್ತಾರೆ.

ಈ ಮಾತನ್ನೆಲ್ಲ ತಾಯಿಗಷ್ಟೇ ಹೇಳಿದರೆ ಅರ್ಧ ಕೆಲಸ ಅಷ್ಟೇ. ರಾತ್ರಿ ಕೂಸನ್ನು ಹೆಗಲ ಮೇಲೆ ಹಾಕ್ಕೊಂಡು ಅಂಗಳದಲ್ಲಿ ತಿರುಗಾಡುವುದು ಆಯಿ, ಅಂದ್ರೆ ಅಜ್ಜಿ. ಬೇಡ ಅನ್ನುವುದೂ ಆಯಿನೇ. ಒಬ್ಬ ಆಯಿ ನನಗೆ ನೇರವಾಗಿ ಕೇಳಿದಳು: "ಎಳೀ ಕೂಸಿಗಿ ಒಂದೇ ದಿನ ಮೂರು ಸೂಜಿ? ನಿಮಗ ಕರುಳ ಇಲ್ಲೇನಬೇ?" ಕೇಳಿದ್ದರಲ್ಲಿ ತಪ್ಪೇನಿಲ್ಲ. ಆರನೇ ವಾರಕ್ಕೆ ಎಡ ತೊಡೆಗೆ ಪೆಂಟಾ, ಬಲ ತೊಡೆಗೆ ನ್ಯುಮೋನಿಯಾದ್ದು, ಬಲ ತೋಳಿಗೆ ಪೋಲಿಯೋದ್ದು. ಬಾಯಿಗೆ ಪೋಲಿಯೋ ಹನಿ, ಭೇದಿ ತಡೆಯುವ ರೋಟಾ ಬೇರೆ. ನಾನು ಅಂದೆ: "ಮೂರು ಸಲ ಕರ್ಕೊಂಡು ಬಂದ್ರ ಮೂರು ಸಲ ಕೂಲಿ ಬಿಡಬೇಕು ಆಯಿ, ಮೂರು ಸಲ ಕೂಸಿನ ಅಳು ಕೇಳಬೇಕು. ಹತ್ತನೇ ವಾರಕ್ಕ ಒಂದೇ ಸೂಜಿ." ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಆಮೇಲೆ ಅಂಗನವಾಡಿಗೆ ತಾನೇ ಎತ್ಕೊಂಡು ಬಂದಳು.

ಅಲ್ಲಿ ಬಂದವರಿಗೆ ಔಷಧಿಯ ಸೀಸೆ ತೋರಿಸಿ ಅಂತ ಸಿಸ್ಟರಿಗೆ ಕೇಳಿಕೊಳ್ಳುತ್ತೇನೆ. ಸೀಸೆಯ ಮೇಲೆ ಒಂದು ಸಣ್ಣ ಗುಂಡು ಗುರುತು, ಅದರ ಒಳಗೆ ಒಂದು ಚೌಕ. ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಸುತ್ತಲಿನ ಬಣ್ಣಕ್ಕೇ ತಿರುಗಿದ್ದರೆ ಔಷಧಿಗೆ ಬಿಸಿ ತಾಗಿದೆ, ಬಿಸಾಡಬೇಕು. ಏಪ್ರಿಲ್ ಬಿಸಿಲಲ್ಲಿ ಬೈಕ್ ಮೇಲೆ ಬಂದ ಡಬ್ಬಿ ಅದು, ಅನುಮಾನ ಬರುವುದು ಸಹಜ ಅಲ್ವಾ? ಓದು ಬರದವರಿಗೂ ಚೌಕ ಕಾಣುತ್ತದೆ. ಸಿರಿಂಜನ್ನೂ ನೋಡುತ್ತಾರೆ. ಒಂದು ಸಲ ಒತ್ತಿದ ಮೇಲೆ ಮತ್ತೆ ಎಳೆಯಲು ಬರದ ಹಾಗೆ ಅದು ಹಿಡಿದುಕೊಳ್ಳುತ್ತದೆ.

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪ್ ಮಾತು ಹಬ್ಬಿತ್ತು. ಈ ಸೂಜಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಅಂತ. ಈಗಲೂ ಯಾರಾದರೂ ಅದನ್ನೇ ಕೇಳುತ್ತಾರೆ. ನಿಜ ಬೇರೆಯೇ ಇದೆ. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಹುಟ್ಟುವ ಕೂಸಿಗೆ ಕಿವಿ ಕೇಳದೇ ಇರಬಹುದು, ಕಣ್ಣಿಗೆ ಪೊರೆ ಬರಬಹುದು, ಹೃದಯದಲ್ಲಿ ದೋಷ ಇರಬಹುದು. ಇವತ್ತಿನ ಹುಡುಗಿಗೆ ಹಾಕಿಸುವುದು ನಾಳೆ ಅವಳ ಕೂಸಿಗೂ ಆಗುತ್ತದೆ. ಇಷ್ಟು ಹೇಳಿದರೆ ಹೆಣ್ಣುಮಕ್ಕಳ ಅವ್ವಂದಿರು ಬೇಗ ತಿಳ್ಕೋತಾರೆ.

"ನಿನಗ ರೊಕ್ಕ ಸಿಗ್ತದಲ್ಲ, ಅದಕ್ಕ ಬೆನ್ನು ಬೀಳ್ತಿ" ಅನ್ನುವವರಿಗೆ ಹೌದು ಅಂತೀನಿ. ಒಂದು ವರ್ಷದೊಳಗಿನ ಲಸಿಕೆ ಎಲ್ಲಾ ಮುಗಿಸಿದರೆ ಒಂದು ಕೂಸಿಗೆ 100 ರೂಪಾಯಿ, ಎರಡನೇ ವರ್ಷದ್ದಕ್ಕೆ 75. ಮೊತ್ತ ಕೇಳಿದ ಮೇಲೆ ನಗುತ್ತಾರೆ, ಆ ಮಾತು ಅಲ್ಲಿಗೇ ಮುಗಿಯುತ್ತದೆ.

ಒಲ್ಲೆ ಅನ್ನುವವರಿಗಿಂತ ದೊಡ್ಡ ತಲೆನೋವು ಅಂದ್ರೆ ಕೈಬಿಟ್ಟು ಹೋಗುವ ಮಕ್ಕಳು. ಹೆರಿಗೆಗೆ ತವರಿಗೆ ಬಂದವಳು ಇಲ್ಲಿ ಮೊದಲಿನ ಸೂಜಿ ಹಾಕಿಸುತ್ತಾಳೆ, ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗುತ್ತಾಳೆ. ಅಲ್ಲಿಂದ ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ. ಒಂಬತ್ತನೇ ತಿಂಗಳ ದಡಾರದ ಸೂಜಿ ನಡುವೆ ಬಿದ್ದುಹೋಗುತ್ತದೆ. ಹೊರಡುವ ದಿನ, ಲಸಿಕೆ ಬರೆದಿಡುವ 'ತಾಯಿ ಕಾರ್ಡ್'ನ ಎಲ್ಲಾ ಪುಟ ಫೋಟೋ ಹೊಡೆದು ಅವಳ ಫೋನಿಗೂ ಅವಳ ಗಂಡನ ಫೋನಿಗೂ ಹಾಕುತ್ತೇನೆ. ಎಲ್ಲಿದ್ದರೂ ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ, ತಡವಾದರೂ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು ಅಂತ ಹೇಳಿ ಕಳಿಸುತ್ತೇನೆ.

ತಾಂಡಾದ ಒಂದು ಮನೆ ಮಾತ್ರ ಇನ್ನೂ ಒಪ್ಪಿಲ್ಲ. ಬಾಯಿಗೆ ಹನಿ ಹಾಕಿಸ್ತಾರೆ, ಸೂಜಿ ಬೇಡ ಅಂತಾರೆ. ಅಪ್ಪನ ಮಾತೇ ಅಲ್ಲಿ ಕೊನೇ ಮಾತು, ಅವನು ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಹೋಳಿಗೆ ಬರುತ್ತಾನಂತೆ. ಅಲ್ಲಿತನಕ ಕಾಯದೆ ಈ ಭಾನುವಾರ ಅವನಿಗೆ ವಿಡಿಯೋ ಕಾಲ್ ಮಾಡುವುದು ಅಂತ ಅವನ ಹೆಂಡತಿ, ನಾನು ಮಾತಾಡಿಕೊಂಡಿದ್ದೇವೆ.